ಎಲ್ಲರಿಗೂ ಬಲಗಡೆಯ ಹೂವು

ಹೇಳುವವನಿಗೆ ಉಸಿರು, ಕೇಳುವವನಿಗೆ ತಾಳ್ಮೆ, ಇಬ್ಬರಿಗೂ ಕೋಡಿಯಮ್ಮನ ಕೃಪೆ ಇರಲಿ. ಇದು ಕೋಡಿದೊಡ್ಡಿಯ ಮರಿಯಪ್ಪನು ಸರ್ಕಾರದ ಒಂದು ನೀತಿಯನ್ನು ಕೊರಳಿಗೆ ಕಟ್ಟಿಕೊಂಡು, ಬಿಚ್ಚಲಾರದೆ ಪಟ್ಟ ಪಾಡಿನ ಕಥೆ.

ಚನ್ನಪಟ್ಟಣದಿಂದ ಹೊರಟ ಬಸ್ಸು ಬೈರಾಪಟ್ಟಣದಲ್ಲಿ ಅರ್ಧ ಖಾಲಿಯಾಗಿ, ಆಮೇಲೆ ಒಂದಷ್ಟು ತಿರುವು ಕಳೆದು, ಕೆರೆಯ ಕೋಡಿಯ ಹತ್ತಿರ ಪೂರ್ತಿ ಖಾಲಿಯಾಗುತ್ತದೆ. ಅದೇ ಕೋಡಿದೊಡ್ಡಿ. ಅಲ್ಲಿ ಮರಿಯಪ್ಪನ ತಂದೆ ಶ್ರಾವಣ ಮಾಸ ಪೂರ್ತಿ ಪುರಾಣ ಓದುತ್ತಿದ್ದವರು. ಅವರು ಪದ್ಯ ಎತ್ತಿಕೊಂಡರೆ ಕೆರೆಯ ಆಚೆ ದಡದ ಎಮ್ಮೆಗಳೂ ಮೆಲುಕು ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದವಂತೆ. ಅವರು ತೀರಿಕೊಂಡಾಗ ಮಗನ ಪಾಲಿಗೆ ಬಂದದ್ದು ಎರಡು ಎಕರೆ ಹಿಪ್ಪುನೇರಳೆ, ಮನೆಯ ಮುಂದಿನ ಒಂದು ಹಲಸಿನ ಮರ, ಮತ್ತು ಆ ಕಂಚಿನ ಕಂಠ. ಓದಿದ್ದಕ್ಕೆ ಅರ್ಥ ಹೇಳುವ ಬುದ್ಧಿ ಮಾತ್ರ ಪಾಲು ಮಾಡುವ ಗದ್ದಲದಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಪುರಾಣ ಕೇಳುವವರು ಕಡಿಮೆಯಾದ ಮೇಲೆ ಮರಿಯಪ್ಪ ಆ ಕಂಠವನ್ನು ದೇವರಾಜನ ಟೀ ಅಂಗಡಿಯಲ್ಲಿ ದಿನಪತ್ರಿಕೆಗೆ ಬಳಸತೊಡಗಿದ್ದ. ಮಾರುಕಟ್ಟೆಯ ರೇಷ್ಮೆಗೂಡಿನ ಧಾರಣೆಯನ್ನು ಅವನು ಶೋಕರಸದಲ್ಲಿ ಓದುತ್ತಿದ್ದ. ಸರ್ಕಾರದ ಪ್ರಕಟಣೆಗಳನ್ನು ವೀರರಸದಲ್ಲಿ. ಆ ದಿನ ಸಿಕ್ಕಿದ್ದು ವರ್ಚುವಲ್ ಮತ್ತು ಆಗ್ಮೆಂಟೆಡ್ ರಿಯಾಲಿಟಿ ತಂತ್ರಜ್ಞಾನ ಪ್ರೋತ್ಸಾಹ ನೀತಿ. ಅದನ್ನು ಮೂರು ಸಲ ಎಳೆದು, ಕೊನೆಯ ಅಕ್ಷರದ ಮೇಲೆ ಒಂದು ಸುತ್ತು ಹಾಕಿ, ಟೀ ಗುಟುಕರಿಸಿ ವ್ಯಾಖ್ಯಾನಕ್ಕೆ ಇಳಿದ.

"ವರ್ಚುವಲ್ ಅಂದ್ರೆ ಇಲ್ದೇ ಇರೋದು. ರಿಯಾಲಿಟಿ ಅಂದ್ರೆ ಇರೋದು. ಇಲ್ದೇ ಇರೋದ್ನ ಐತೆ ಅಂತ ಕಣ್ಣಿಗೆ ಕಟ್ಟಿದಂಗೆ ತೋರ್ಸೋದು. ಇದ್ಕೆ ಇನ್ಮೇಲೆ ಸರ್ಕಾರ ಪ್ರೋತ್ಸಾಹ ಕೊಡ್ತದಂತೆ ಕಣ್ರಲಾ."

"ಇಷ್ಟು ದಿನ ಪ್ರೋತ್ಸಾಹ ಇಲ್ದೇನೇ ಮಾಡ್ಕೊಂಡ್ ಬಂದಿತ್ತಲ್ಲಣ್ಣ?" ಎಂದ ದೇವರಾಜ, ಟೀ ಸೋಸುತ್ತ.

ಮರಿಯಪ್ಪ ಅವನನ್ನು ಕ್ಷಮಿಸಿ ಮುಂದಕ್ಕೆ ಓದಿದ. ಆಯ್ದ ಹಳ್ಳಿಗಳಲ್ಲಿ ಅನುಭವ ಕೇಂದ್ರ ಕಟ್ಟುತ್ತಾರೆ. ರಸ್ತೆ ಬದಿಯಲ್ಲಿ ಜಾಗ ದಾನ ಕೊಟ್ಟವರ ಹೆಸರನ್ನು ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತುತ್ತಾರೆ.

ಈ ಕೊನೆಯ ಸಾಲಿಗೆ ಬಂದಾಗ ಕಂಚಿನ ಕಂಠ ಸ್ವಲ್ಪ ನಡುಗಿತು. ಕಾರಣ ಊರಿಗೆಲ್ಲ ಗೊತ್ತಿದ್ದದ್ದೇ. ಮರಿಯಪ್ಪನ ಹೆಂಡತಿ ಸರಸಮ್ಮನ ತಮ್ಮ ಮನೋಹರ್, ಮಾಗಡಿ ತಾಲ್ಲೂಕಿನ ಕುದೂರಿನವನು, ಅಲ್ಲಿಯ ಬಸ್ ತಂಗುದಾಣಕ್ಕೆ ಒಂದು ಕಲ್ಲುಬೆಂಚು ಮಾಡಿಸಿ ಕೊಟ್ಟಿದ್ದ. ಅದರ ಮೇಲೆ ಅವನ ಹೆಸರು ದಪ್ಪಕ್ಷರದಲ್ಲಿತ್ತು. ಮರಿಯಪ್ಪ ಕುದೂರಿಗೆ ಹೋದಾಗಲೆಲ್ಲ ಹುಡುಕಿಕೊಂಡು ಹೋಗಿ ಆ ಹೆಸರಿನ ಮೇಲೇ ಕುಳಿತು ಬರುತ್ತಿದ್ದ. ಆದರೂ ಸಮಾಧಾನವಾಗಿರಲಿಲ್ಲ.

"ಕೇಂದ್ರ ಕೋಡಿದೊಡ್ಡಿಗೇ ಬತ್ತದೆ," ಎಂದು ಅವನು ಪತ್ರಿಕೆ ಮಡಿಚಿದ. "ಜಾಗ ನಾನು ಕೊಡ್ತೀನಿ. ಇದು ಮರಿಯಪ್ಪನ ಮಾತು!"

ಮಾತು ಟೀ ಅಂಗಡಿಯಿಂದ ಹೊರಟು ಅವನಿಗಿಂತ ಮೊದಲೇ ಮನೆ ಸೇರಿತ್ತು. ಸರಸಮ್ಮ ಹಲಸಿನ ಮರದ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಾವ ಜಾಗ ಕೊಟ್ಬುಟ್ರಿ?"

"ರಸ್ತೆ ಬದೀದು. ಇದೇ."

"ಇದ್ರಲ್ಲಿ ಏನೈತೆ ಅಂತ ಗ್ಯಾನ ಐತಾ?"

ಮರಿಯಪ್ಪ ತಲೆಯೆತ್ತಿ ನೋಡಿದ. ಮರ ಇತ್ತು. ಬುಡದಿಂದ ನೆತ್ತಿಯವರೆಗೂ ಕಾಯಿ ಹೊತ್ತು, ಬಸುರಿ ಹೆಂಗಸಿನ ಹಾಗೆ ಗಂಭೀರವಾಗಿ ನಿಂತಿತ್ತು. ಅದು ಮರಿಯಪ್ಪನ ಪಾಲಿಗೆ ಬಂದದ್ದು ಹೆಸರಿಗೆ ಮಾತ್ರ. ಊರು ಅದನ್ನು ಕರೆಯುತ್ತಿದ್ದದ್ದು ಸರಸಮ್ಮನ ಹಲಸು ಎಂದೇ. ಮೊದಲ ಹಣ್ಣು ಕೋಡಿಯಮ್ಮನಿಗೆ, ಆಮೇಲಿನವು ಬೀದಿಯ ಮನೆಮನೆಗೆ. ಹಣ್ಣಿನ ಕಾಲ ಮುಗಿಯುವವರೆಗೆ ಆ ಬೀದಿಯಲ್ಲಿ ಯಾರೂ ಸರಸಮ್ಮನ ಕೂಡ ಜಗಳ ಕಾಯುತ್ತಿರಲಿಲ್ಲ. ಕಾದರೆ ತೊಳೆ ತಪ್ಪುತ್ತಿತ್ತು. ಹಾಗಾಗಿ ಜಗಳಗಳನ್ನೆಲ್ಲ ಮಳೆಗಾಲಕ್ಕೆ ಎತ್ತಿಡುತ್ತಿದ್ದರು.

"ಕಲ್ಲಿನ ಮ್ಯಾಲೆ ಹೆಸರು ಬತ್ತದೆ ಕಣಮ್ಮಿ," ಎಂದ ಮರಿಯಪ್ಪ ಮೆಲ್ಲಗೆ.

"ಕಲ್ಲಿನ ಮ್ಯಾಲೆ ಹಣ್ಣು ಬತ್ತದಾ? ಕಡೀಬೇಕು ಅಂದ್ರೆ ನನ್ನ ಕೇಳ್ಬ್ಯಾಡಿ. ಅಮ್ಮನ್ನ ಹೂ ಕೇಳಿ. ಬಲಗಡೆ ಕೊಟ್ರೆ ನಾನು ತುಟಿ ಎರಡು ಮಾಡಾಕಿಲ್ಲ."

ಹೂ ಕೇಳುವುದೆಂದರೆ ಆ ಕಡೆಯವರಿಗೆ ಹೊಸತಲ್ಲ. ಪೂಜಾರಿ ಕೋಡಿಯಮ್ಮನ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ಅಮ್ಮನ ಬಲಭುಜದ ಹೂವು ಬಿದ್ದರೆ ಆಗಲಿ ಎಂದರ್ಥ, ಎಡಭುಜದ್ದು ಬಿದ್ದರೆ ಬೇಡ ಎಂದು. ಹೆಣ್ಣು ಕೊಡುವುದು, ತರುವುದು, ಬಾವಿ ತೋಡುವುದು, ಎಲ್ಲಕ್ಕೂ ಅಲ್ಲಿ ಇದೇ ಕಡೆಯ ನ್ಯಾಯಾಲಯ. ಇದರ ಮೇಲೆ ಮೇಲ್ಮನವಿ ಇಲ್ಲ.

ಮರಿಯಪ್ಪ ಮಾರನೆಯ ದಿನವೇ ಗುಡಿಗೆ ಹೋಗುತ್ತಿದ್ದನೇನೋ. ಆದರೆ ಅಷ್ಟರಲ್ಲಿ ಸರ್ಕಾರವೇ ಊರಿಗೆ ಬಂತು.

ಸಮುದಾಯ ಭವನದಲ್ಲಿ ಪ್ರಾತ್ಯಕ್ಷಿಕೆ ಏರ್ಪಾಟಾಗಿತ್ತು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಮಮತಾ ಮೇಡಂ ಕುರ್ಚಿ ಹಾಕಿಸಿದ್ದರು. ಯೋಜನೆಯ ಸಂಯೋಜಕ ಅಶ್ವಥ್, ಇಸ್ತ್ರಿ ಮಾಡಿದ ಅಂಗಿಯ ತರುಣ, ತನಗೇ ಅರ್ಧ ಅರ್ಥವಾದ ಭಾಷಣವನ್ನು ಪೂರ್ತಿ ಮಾಡಿದ. ಮೂಲೆಯಲ್ಲಿ ಆಫ್ತಾಬ್ ಒಂದು ಪೆಟ್ಟಿಗೆ ಬಿಚ್ಚುತ್ತಿದ್ದ. ಚನ್ನಪಟ್ಟಣದ ಬೊಂಬೆ ಮಾಡುವ ಮನೆತನದ ಮಗ. ಈಗ ಕ್ಯಾಮೆರಾ ಕೆಲಸ ಮಾಡಿಕೊಂಡಿದ್ದ.

"ನಿಮ್ಮೂರಿನ ಕೋಡಿಯಮ್ಮನ ಗುಡಿಯನ್ನೇ ಚಿತ್ರೀಕರಿಸಿದ್ದೇವೆ," ಎಂದ ಅಶ್ವಥ್. "ಈ ಕನ್ನಡಕ ಹಾಕಿಕೊಂಡರೆ ನೀವು ಗುಡಿಯ ಒಳಗೇ ಇರುತ್ತೀರಿ. ಯಾರು ಮೊದಲು ಬರ್ತೀರಾ?"

ಮರಿಯಪ್ಪ ಎದ್ದಾಗಿತ್ತು. ಆದರೆ ನೇರವಾಗಿ ಬರಲಿಲ್ಲ. ಹೊರಗೆ ಹೋಗಿ, ಪಂಚಾಯಿತಿಯ ನಲ್ಲಿಯಲ್ಲಿ ಕೈಕಾಲು ತೊಳೆದು, ಚಪ್ಪಲಿ ಬಾಗಿಲಾಚೆ ಬಿಟ್ಟು, ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಬಂದ. ಆಫ್ತಾಬ್ ಆ ದಪ್ಪ ಕನ್ನಡಕವನ್ನು ಅವನ ತಲೆಗೆ ಬಿಗಿದ.

"ಗಾಣದೆತ್ತಿಗೆ ಕಣ್ಣುಪಟ್ಟಿ ಕಟ್ಟಿದಂಗೆ ಐತೆ," ಎಂದ ದೇವರಾಜ.

"ಮುಚ್ಲಾ ಬಾಯಿ, ಗರ್ಭಗುಡೀಲಿ ನಿಂತಿವ್ನಿ," ಎಂದು ಮರಿಯಪ್ಪ ಗೋಡೆಯ ಕಡೆ ತಿರುಗಿ ಗದರಿಸಿದ. ಆಮೇಲೆ "ಅವ್ವಾ!" ಎಂದು ದೊಡ್ಡದಾಗಿ ಕೂಗಿ ಸಾಷ್ಟಾಂಗ ಹಾಕಿದ. ಅವನ ಹಣೆ ಹೋಗಿ ಮುಟ್ಟಿದ್ದು ಮಮತಾ ಮೇಡಂ ಅವರ ಪಾದಕ್ಕೆ.

"ಅಯ್ಯೋ, ಏಳಿ! ನನಗ್ಯಾಕ್ರೀ ಅಡ್ಡಬೀಳ್ತೀರಾ?" ಎಂದು ಅವರು ಕುರ್ಚಿಯ ಮೇಲೆ ಕಾಲೆತ್ತಿಕೊಂಡರು. ಅಮ್ಮನೇ ಮಾತನಾಡಿದಳೆಂದು ಮರಿಯಪ್ಪನಿಗೆ ರೋಮಾಂಚನವಾಯಿತು. ಎದ್ದು ಪ್ರದಕ್ಷಿಣೆ ಹೊರಟು ಕಂಬಕ್ಕೆ ಡಿಕ್ಕಿ ಹೊಡೆದ. ಕಂಬಕ್ಕೂ ಕೈಮುಗಿದ. ಕೊನೆಗೆ ನಿಂತು ಕಣ್ಣುಪಟ್ಟಿಯೊಳಗೆ ನೆಟ್ಟ ನೋಟದಲ್ಲಿ ತುಟಿಯಲ್ಲೇ ಏನೋ ಕೇಳಿಕೊಂಡ. ಮರುಗಳಿಗೆಗೆ ಭವನ ಅದುರುವಂತೆ ಕೂಗಿದ.

"ಬಲಗಡೆ! ಬಲಗಡೆ ಹೂವಾಯ್ತು ಕಣ್ರಲಾ! ಕಡೀಲಿ ಅಂದ್ಲು ತಾಯಿ!"

ಕನ್ನಡಕ ಬಿಚ್ಚಿದ ಮೇಲೂ ಅವನ ಮುಖದ ಮೇಲೆ ಅದರ ಗುರುತೂ ದಿವ್ಯಕಳೆಯೂ ಉಳಿದಿದ್ದವು. ಸಂಜೆಯವರೆಗೆ ಅಂಗಡಿಯಲ್ಲಿ ಅದೇ ಪ್ರವಚನ. "ಮುಂದ್ಕೆ ನೋಡುದ್ರೆ ಅಮ್ಮ. ಹಿಂದ್ಕೆ ತಿರುಗುದ್ರೆ ಬಾಗ್ಲು. ಮ್ಯಾಲೆ ನೋಡುದ್ರೆ ಜೇಡ ಕಟ್ಟಿರೋ ಬಲೆ ಸೈತ ಐತೆ. ಮುನ್ನೂರರವತ್ತು ಡಿಗ್ರಿ ಅಂತಾರೆ ಇದ್ಕೆ. ಬೆನ್ನಿಗೂ ಕಣ್ಣು ಬಂದಂಗೆ! ನಮ್ಮಪ್ಪ ದಿವ್ಯದೃಷ್ಟಿ ಅಂತ ಓದ್ತಿದ್ರಲ್ಲ, ಇದೇಯ."

"ಬೆನ್ನಿಗೆ ಕಣ್ಣು ಬಂದೋರು ಒಸಿ ಹಿತ್ತಲ ಕಡೆ ಬನ್ನಿ," ಎಂದು ಸರಸಮ್ಮ ಬೀದಿಯ ತುದಿಯಿಂದ ಕೂಗಿದಳು. "ಎಮ್ಮೆ ಹುಳಕ್ಕೆ ತಂದಿಟ್ಟಿದ್ದ ಸೊಪ್ಪನ್ನೆಲ್ಲಾ ಮೇಯ್ದಾಕ್ತು!"

ಹೂವಿನ ಸುದ್ದಿ ಕೇಳಿದಾಗ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಎಮ್ಮೆ ಕಟ್ಟಿ, ಸೀರೆ ಬದಲಿಸಿ, ನೆಟ್ಟಗೆ ಭವನಕ್ಕೆ ನಡೆದು, "ನಂಗೂ ಕಟ್ಟಪ್ಪ ಅದ್ನ," ಎಂದು ಆಫ್ತಾಬನ ಮುಂದೆ ತಲೆ ಒಡ್ಡಿದಳು. ನನ್ನ ಮರ ಉಳಿಯುವುದು ನಿಜವಾದರೆ ಬಲಗಡೆ ಕೊಡು ತಾಯಿ ಎಂದು ಎಲ್ಲರಿಗೂ ಕೇಳುವಂತೆಯೇ ಬೇಡಿಕೊಂಡಳು.

ಅಮ್ಮ ಬಲಗಡೆಯೇ ಕೊಟ್ಟಳು.

ಆ ರಾತ್ರಿ ಮರಿಯಪ್ಪನ ಮನೆಯಲ್ಲಿ ಗಂಡನಿಗೂ ಹೆಂಡತಿಗೂ ಒಬ್ಬಳೇ ದೇವಿಯ ಅಪ್ಪಣೆ ಎರಡು ದಿಕ್ಕಿಗೆ ಸಿಕ್ಕಿ, ಮುದ್ದೆ ಮಾತ್ರ ಯಾರಿಗೂ ಸಿಗಲಿಲ್ಲ.

ಬೆಳಗಾಗುವುದರೊಳಗೆ ಸುದ್ದಿ ಹಬ್ಬಿತು. ಗುಡಿಯಲ್ಲಿ ಹೂ ಬೀಳಲು ಕಾಯಬೇಕು. ಭವನದಲ್ಲಿ ಅಮ್ಮ ಥಟ್ಟನೆ ಕೊಡುತ್ತಾಳೆ. ಕೋಡಿದೊಡ್ಡಿಗೆ ಕೋಡಿದೊಡ್ಡಿಯೇ ಕೈಕಾಲು ತೊಳೆದುಕೊಂಡು ಸಾಲು ನಿಂತಿತು. ಸರಸಮ್ಮನ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ, ಅಡಿಗೆಮನೆ ಇನ್ನು ಮುಂದೆ ತನ್ನದೇ ತಾನೇ ಎಂದು ಕೇಳಿದಳು, ಬಲಗಡೆ. ಅವಳ ಸೊಸೆ ಧನುಶ್ರೀಯೂ ಅದನ್ನೇ ಕೇಳಿದಳು, ಬಲಗಡೆ. ಮಧ್ಯಾಹ್ನದ ಹೊತ್ತಿಗೆ ಆ ಮನೆಯಲ್ಲಿ ಎರಡು ಒಲೆ ಹತ್ತಿ, ಎರಡರ ಮೇಲೂ ಒಂದೇ ಸಾರು ಕುದಿಯುತ್ತಿತ್ತು. ಟೀ ಲೋಟ ಚಿಕ್ಕದು ಮಾಡಲೇ ಎಂದು ದೇವರಾಜ ಕೇಳಿದ. ದೊಡ್ಡದು ಮಾಡಿಸು ತಾಯಿ ಎಂದು ಗಿರಾಕಿಗಳು ಕೇಳಿದರು. ಎಲ್ಲರಿಗೂ ಹೌದು. ಪಂಚಾಯಿತಿ ಅಧ್ಯಕ್ಷನಾಗುವೆನೇ ಎಂದು ಎಷ್ಟು ಜನ ಕೇಳಿದರೋ, ಮುಂದಿನ ಚುನಾವಣೆಗೆ ಊರಿನಲ್ಲಿ ಮತದಾರರಿಗಿಂತ ಅಧ್ಯಕ್ಷರೇ ಹೆಚ್ಚಾಗುವ ಹಾಗೆ ಕಂಡಿತು.

ಅಶ್ವಥ್‌ಗೆ ಮಾತ್ರ ಪರಮಾನಂದ. "ನೂರಕ್ಕೆ ನೂರು ತೃಪ್ತಿ ಮೇಡಂ!" ಎಂದು ಮಮತಾ ಅವರಿಗೆ ಹೇಳಿದ. "ಇಡೀ ರಾಜ್ಯದಲ್ಲಿ ಯಾವ ಯೋಜನೆಗೂ ಜನ ಕಾಲು ತೊಳೆದುಕೊಂಡು ಬಂದಿಲ್ಲ."

ಇತ್ತ ಗುಡಿಯ ಹೊಸ್ತಿಲ ಮೇಲೆ ನಾಯಿ ಮಲಗತೊಡಗಿತು. ಪೂಜಾರಿ ಮುನಿಶಾಮಯ್ಯ ಎರಡು ದಿನ ತಡೆದ. ಮೂರನೆಯ ದಿನ ತೀರ್ಥದ ಚೊಂಬು ಹಿಡಿದು ಭವನಕ್ಕೆ ನುಗ್ಗಿದ.

"ಊರೋರ್ ತಲೇಗೆಲ್ಲಾ ಕಟ್ಟಿದ್ದನ್ನೇ ಕಟ್ಕೊಂಡು ಅಮ್ಮನ ಮುಂದೆ ಓಯ್ತೀರಾ? ಮಡಿ ಅನ್ನೋದು ಬ್ಯಾಡ್ವಾ? ಮೊದ್ಲು ಶುದ್ಧಿ ಆಗ್ಲಿ!" ಎಂದು ಚೊಂಬು ಎತ್ತಿದ.

ಆಫ್ತಾಬ್ ಹಾರಿಬಂದು ತನ್ನ ಅಂಗಿಯೊಳಗೆ ಕನ್ನಡಕವನ್ನು ಮುಚ್ಚಿಕೊಂಡ. ತೀರ್ಥ ಪೂರ್ತಿ ಅವನ ತಲೆಯ ಮೇಲೆ ಸುರಿಯಿತು. "ನಾನು ಶುದ್ಧ ಆದೆ ಸ್ವಾಮಿ, ಸಾಕು. ಇದು ಒದ್ದೆ ಆದ್ರೆ ಅಮ್ಮ ಕಾಣಾಕಿಲ್ಲ. ಒಂದ್ಸಲ ನೀವೇ ಹಾಕ್ಕೊಂಡ್ ನೋಡಿ."

ಮುನಿಶಾಮಯ್ಯ ಬೇಡಬೇಡವೆನ್ನುತ್ತಲೇ ಹಾಕಿಸಿಕೊಂಡ. ಹಾಕಿಕೊಂಡವನು ಬೆಚ್ಚಿದ.

"ನಾನು ಇಲ್ಲಿವ್ನಿ. ಅಲ್ಲಿ ಆರತಿ ಎತ್ತುತಾವ್ನಲ್ಲ, ಅವನ್ಯಾರು?"

"ನೀವೇ ಸ್ವಾಮಿ."

"ನಾನು ಅಲ್ಲಿದ್ರೆ, ಇಲ್ಲಿರೋನ್ಗೆ ಯಾಕಪ್ಪ ಬೆನ್ನು ನೋಯ್ತಾ ಐತೆ?"

ವೇದಾಂತಿಗಳು ತಲತಲಾಂತರದಿಂದ ಕೇಳುತ್ತ ಬಂದ ಪ್ರಶ್ನೆ ಇದು. ಪೂಜಾರಿ ಇನ್ನೊಂದು ಹೆಜ್ಜೆ ಮುಂದಿಟ್ಟು ಕತ್ತು ಚಾಚಿದ. "ಅಯ್ಯಯ್ಯೋ! ನಡುನೆತ್ತಿ ಇಷ್ಟು ಬಯಲಾಗೈತೆ ಅಂತ ಈ ಊರ್ನಾಗೆ ಒಬ್ರೂ ಬಾಯಿ ಬುಡ್ನಿಲ್ವಲ್ಲ!" ಹೂವು ಬಿದ್ದದ್ದು ಎಲ್ಲಿ, ಏನು, ಯಾವುದನ್ನೂ ಅವನು ನೋಡಲಿಲ್ಲ. ಕನ್ನಡಕ ಬಿಚ್ಚಿಕೊಟ್ಟು, ವಸ್ತ್ರವನ್ನು ತಲೆಗೆ ರುಮಾಲಿನಂತೆ ಸುತ್ತಿಕೊಂಡು, ಬಂದದ್ದಕ್ಕಿಂತ ಬೇಗ ಹೊರಟುಹೋದ.

ಮರುದಿನ ಬೆಳಿಗ್ಗೆ ಮರಿಯಪ್ಪ ಕರೆಸಿದ್ದ ವಾಸಿಂ ಯಂತ್ರದ ಗರಗಸ ತೆಗೆದುಕೊಂಡು ಬಂದ. ಚನ್ನಪಟ್ಟಣದ ಸುತ್ತ ಮರ ಕಡಿಯುವುದರಲ್ಲಿ ಅವನದು ಒಳ್ಳೆಯ ಹೆಸರು. ಆದರೆ ಮರದ ಬುಡ ಕಾಣುತ್ತಿರಲಿಲ್ಲ. ಬೀದಿಯ ಹೆಂಗಸರೆಲ್ಲ ಅದನ್ನು ಸುತ್ತುವರಿದು ಕೂತಿದ್ದರು. ಚಿಕ್ಕಲಕ್ಷ್ಮಮ್ಮ, ಧನುಶ್ರೀ ಕೂಡ, ಒಬ್ಬರ ಮುಖ ಒಬ್ಬರು ನೋಡದೆ ಬೆನ್ನಿಗೆ ಬೆನ್ನು ಕೊಟ್ಟು.

"ಏಳ್ರವ್ವ," ಎಂದ ಮರಿಯಪ್ಪ. "ಅಮ್ಮ ನಂಗೆ ಹೂ ಕೊಟ್ಟವ್ಳೆ."

"ನಂಗೂ ಕೊಟ್ಟವ್ಳೆ," ಎಂದಳು ಸರಸಮ್ಮ.

"ನಂಗೆ ಮೊದ್ಲು ಕೊಟ್ಟವ್ಳೆ!"

"ನಂಗೆ ಆಮೇಲೆ ಕೊಟ್ಟವ್ಳೆ. ಕೊನೇ ಮಾತೇ ಮಾತು."

ವಾಸಿಂ ಗರಗಸ ನೆಲಕ್ಕಿಟ್ಟು ಕೂತ. "ಅಣ್ಣ, ಮನುಷ್ಯರ ಜಗಳ ಆದ್ರೆ ಯಾರ್ ಪರವಾಗಾದ್ರೂ ಕಡೀಬೋದು. ದೇವ್ರು ಎರಡೂ ಕಡೆ ಇದ್ರೆ ನಾನ್ ಕೈ ಹಾಕಾಕಿಲ್ಲ. ಟೀ ಕುಡ್ಕೊಂಡು ಬತ್ತೀನಿ, ತೀರ್ಮಾನ ಮಾಡ್ಕೊಳ್ಳಿ."

ಅಷ್ಟರಲ್ಲಿ ಜಾಗ ನೋಡಲು ಅಶ್ವಥ್, ಮಮತಾ ಮೇಡಂ, ಹಿಂದೆ ಪೆಟ್ಟಿಗೆ ಹೊತ್ತ ಆಫ್ತಾಬ್ ಬಂದರು. ಗದ್ದಲ ಕೇಳಿ ರುಮಾಲು ಸುತ್ತಿದ ಮುನಿಶಾಮಯ್ಯನೂ ಬಂದ.

"ಕಡೀಬೇಕೂ ಅಂದವ್ಳೆ, ಕಡೀಬಾರ್ದೂ ಅಂದವ್ಳೆ!" ಎಂದು ಚಿಕ್ಕಲಕ್ಷ್ಮಮ್ಮ ಪೂಜಾರಿಯನ್ನೇ ಹಿಡಿದುಕೊಂಡಳು. "ಅಮ್ಮ ಯಾವತ್ತಿಂದ ಹಿಂಗೆ ರಾಜಕೀಯದೋರ್ ಥರ ಮಾತಾಡಾಕೆ ಶುರು ಮಾಡಿದ್ಲು?"

"ನನ್ ತಾಯಿ ಸುಳ್ಳು ಹೇಳಾಕಿಲ್ಲ!" ಎಂದು ಮುನಿಶಾಮಯ್ಯ ಗುಡುಗಿದ. ಗುಡುಗಿದ ರಭಸಕ್ಕೆ ಬೆನ್ನು ಹಿಡಿದುಕೊಂಡ.

ಆಫ್ತಾಬ್ ಪೆಟ್ಟಿಗೆ ಕೆಳಗಿಟ್ಟ. "ಅಮ್ಮ ಸುಳ್ಳು ಹೇಳಿಲ್ಲ ಸ್ವಾಮಿ. ನೀವೆಲ್ಲಾ ನೋಡಿದ್ದು ಒಂದೇ ದಿನದ ಹೂವು. ಆವತ್ತು ಒಂದ್ಸಲ ಬಿದ್ದಿದ್ದು, ಅದೇ ದಿನಾ ಬೀಳ್ತಾ ಐತೆ. ಮದುವೆ ವಿಡಿಯೋ ಎಷ್ಟು ಸಲ ಹಾಕುದ್ರೂ ಅದೇ ಗಂಡು ಅದೇ ಹೆಣ್ಣಿಗೇ ತಾಳಿ ಕಟ್ಟಾಕಿಲ್ವಾ, ಹಂಗೆ."

ಅಧ್ಯಕ್ಷರಾಗಬೇಕಿದ್ದವರು ಒಬ್ಬೊಬ್ಬರಾಗಿ ಕುಸಿದು ಜಗಲಿಯ ಮೇಲೆ ಕುಳಿತರು.

"ಅದಕ್ಕೂ ಹಿಂದಿನ ದಿನ ಎಡಗಡೆ ಬಿದ್ದಿತ್ತು," ಎಂದ ಆಫ್ತಾಬ್. "ಸಾರ್ ಅದ್ನ ಕತ್ತರಿಸು ಅಂದ್ರು."

ಎಲ್ಲರೂ ಅಶ್ವಥ್‌ನ ಕಡೆ ತಿರುಗಿದರು. ಅವನು ಅಂಗಿಯ ಕಾಲರು ಸರಿಮಾಡಿಕೊಂಡ. "ಸರ್ಕಾರಿ ಯೋಜನೆ ರೀ ಇದು! ಉದ್ಘಾಟನೆ ದಿನ ದೇವರು ಬೇಡ ಅಂದರೆ ಹೇಗೆ? ಬಳಸುವವರ ಅನುಭವ ಸಕಾರಾತ್ಮಕವಾಗಿರಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ."

"ಹಂಗಾದ್ರೆ," ಎಂದು ಮರಿಯಪ್ಪ ಗಂಟಲು ಸರಿಮಾಡಿಕೊಂಡ, "ಆವತ್ತು ಬಲಗಡೆ ಬಿತ್ತಲ್ಲ, ಅದು ಯಾರು ಏನು ಕೇಳಿದ್ದಕ್ಕೆ?"

ಮುನಿಶಾಮಯ್ಯ ರುಮಾಲು ಮುಟ್ಟಿಕೊಂಡ. "ನಾನೇ ಕೇಳಿದ್ದು. ನನ್ನ ಬೆನ್ನುನೋವು ವಾಸಿ ಆಯ್ತದಾ ಅಂತ."

ಅಂದರೆ ಅಡಿಗೆಮನೆಯ ಹಕ್ಕು, ಟೀ ಲೋಟದ ಅಳತೆ, ಪಂಚಾಯಿತಿಯ ಗದ್ದುಗೆ, ಒಂದು ಹಲಸಿನ ಮರದ ಆಯುಷ್ಯ, ಎಲ್ಲವೂ ಇಷ್ಟು ದಿನ ಪೂಜಾರಿಯ ಬೆನ್ನಿನ ಮೇಲೆ ನಿಂತಿದ್ದವು.

"ಆಯ್ತಾ ವಾಸಿ?" ಎಂದಳು ಸರಸಮ್ಮ.

"ಆಯ್ತದೆ ಅಂದವ್ಳೆ. ಯಾವಾಗ ಅಂತ ಅಂದಿಲ್ಲ."

ಕೊನೆಗೆ ಮಮತಾ ಮೇಡಂ ಕೈಯೆತ್ತಿದರು. ನಾಳೆ ಬೆಳಿಗ್ಗೆ ನಿಜವಾದ ಗುಡಿಯಲ್ಲಿ, ಊರೆಲ್ಲ ನೋಡುವ ಹಾಗೆ, ಪೂಜಾರಿ ಬಾಯಿಬಿಟ್ಟು ಕೇಳಲಿ. ಅಶ್ವಥ್ ಅದಕ್ಕೆ ಒಂದು ಬಾಲ ಸೇರಿಸಿದ: "ನಾಳೆ ಜಾಗ ಖಚಿತ ಆಗದಿದ್ದರೆ ಕೇಂದ್ರ ಕನಕಪುರದ ಕಡೆ ಹೋಗುತ್ತೆ. ಅಲ್ಲಿ ಜಾಗ ಹಿಡಿದುಕೊಂಡು ಕಾಯ್ತಾ ಇದ್ದಾರೆ." ಮರಿಯಪ್ಪನ ಕಣ್ಣ ಮುಂದೆ ಯಾವ ಕನ್ನಡಕವೂ ಇಲ್ಲದೆ ಕುದೂರಿನ ಕಲ್ಲುಬೆಂಚು ಬಂದು ನಿಂತಿತು.

ಬೆಳಿಗ್ಗೆ ಮರಿಯಪ್ಪ ಹೊಸ ಪಂಚೆ ಉಟ್ಟು ಬಂದ. ಕಲ್ಲು ನೆಡುವ ದಿನಕ್ಕೆಂದು ತೆಗೆದಿಟ್ಟಿದ್ದ ಪಂಚೆ. ಸರಸಮ್ಮ ಆ ವರ್ಷದ ಮೊದಲ ಹಣ್ಣನ್ನು ತಲೆಯ ಮೇಲೆ ಹೊತ್ತು ತಂದಳು. ಅಮ್ಮನಿಗೆ ಅರ್ಪಿಸುವ ಹಣ್ಣು ಹೇಗೂ ಕೊಡಬೇಕಾದದ್ದು. ಕೊನೆಯದೋ ಏನೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಫ್ತಾಬ್ ಬಾಗಿಲ ಪಕ್ಕ ಕ್ಯಾಮೆರಾ ನಿಲ್ಲಿಸಿದ.

ಮುನಿಶಾಮಯ್ಯ ಎರಡು ಭುಜಕ್ಕೂ ಕಣಗಿಲೆ ಹೂವು ಅಂಟಿಸಿ ಗಟ್ಟಿಯಾಗಿ ಕೇಳಿದ. "ತಾಯೇ, ಮರ ಕಡಿಯೋದು ಸರಿ ಅನ್ನಂಗಿದ್ರೆ ಬಲಗಡೆ ಕೊಡು. ಬ್ಯಾಡ ಅನ್ನಂಗಿದ್ರೆ ಎಡಗಡೆ ಕೊಡು."

ಊರು ಉಸಿರು ಹಿಡಿಯಿತು. ಹೂವು ಬೀಳಲಿಲ್ಲ. ಊರು ಉಸಿರು ಬಿಟ್ಟಿತು. ಮತ್ತೆ ಹಿಡಿಯಿತು.

"ಪೆಟ್ಟಿಗೇಲಿ ಕಣ್ ಮಿಟುಕ್ಸೋದ್ರೊಳ್ಗೆ ಬೀಳ್ತಿತ್ತಲ್ಲ?" ಎಂದ ದೇವರಾಜ.

"ಕಾಯೋದನ್ನೂ ಕತ್ತರಿಸಿದ್ದೆ ಅಣ್ಣ," ಎಂದ ಆಫ್ತಾಬ್.

ಬಿಸಿಲು ಏರಿತು. ನಿಂತವರು ಕೂತರು, ಕೂತವರು ಒರಗಿದರು. ಅಮ್ಮನಿಗೆ ಆತುರವಿರಲಿಲ್ಲ; ಅವಳು ಕೆರೆ ತುಂಬುವುದನ್ನು ಕಾಯುತ್ತ ಕೂತವಳು. ನೈವೇದ್ಯ ಆದ ಹಣ್ಣನ್ನು ಎಷ್ಟು ಹೊತ್ತು ಹಾಗೇ ಇಡುವುದೆಂದು ಸರಸಮ್ಮ ಗುಡಿಯ ಮುಂದಿನ ಜಗಲಿಯಲ್ಲಿ ಕೂತು, ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಹಣ್ಣು ಸೀಳಿದಳು.

ಪರಿಮಳ ಎದ್ದಿತು. ಯಾವ ನೀತಿಯೂ ಇನ್ನೂ ಪೆಟ್ಟಿಗೆಗೆ ತುಂಬಲಾರದ ಪರಿಮಳ. ಮೊದಲು ಧನುಶ್ರೀ ಗುಡಿಯಿಂದ ಮುಖ ತಿರುಗಿಸಿದಳು. ಆಮೇಲೆ ಅಧ್ಯಕ್ಷರೆಲ್ಲ. ಚಿಕ್ಕಲಕ್ಷ್ಮಮ್ಮನ ಕೈಗೆ ಅಂಟು ಮೆತ್ತಿಕೊಂಡಾಗ ಸೊಸೆಯೇ ಎಣ್ಣೆ ಹಚ್ಚಿ ಉಜ್ಜಿದಳು. "ಒಲೆ ಒಂದೇ ಸಾಕು ಕಣಮ್ಮಿ, ಸೌದೆ ದಂಡ," ಎಂದಳು ಅತ್ತೆ, ಬಾಯಿ ತುಂಬ ತೊಳೆ ಇಟ್ಟುಕೊಂಡು. ಅಶ್ವಥ್ ಬೇಡ ಬೇಡವೆಂದು ನಾಲ್ಕು ತೊಳೆ ತಿಂದು, ಇಸ್ತ್ರಿ ಅಂಗಿಗೆ ಬೆರಳು ಅಂಟಿಸಿಕೊಂಡು, ಬಿಡಿಸಲು ಮಮತಾ ಮೇಡಂ ಅವರನ್ನು ಕರೆದ. ವಾಸಿಂ ಗರಗಸದ ಮೇಲೆ ಎಲೆ ಹಾಸಿಕೊಂಡು ತಿಂದ. ಪೂಜಾರಿಯೂ ಹೊಸ್ತಿಲಿಗೆ ಬಂದು ಕೈಚಾಚಿದ.

ಎಲ್ಲರಿಗಿಂತ ಹೆಚ್ಚು ಹೊತ್ತು ತಡೆದವನು ಮರಿಯಪ್ಪ. ಕೈಮುಗಿದು ಅಮ್ಮನನ್ನೇ ನೋಡುತ್ತ ನಿಂತಿದ್ದ. ಕೊನೆಗೆ ಮೂಗು ಕೈಕೊಟ್ಟಿತು. ಜಗಲಿಗೆ ಬಂದು, ಗುಡಿಗೆ ಬೆನ್ನು ಹಾಕಿ, ಹೆಂಡತಿಯ ಎದುರು ಕುಕ್ಕರುಗಾಲಿನಲ್ಲಿ ಕೂತು ಅಂಗೈ ಒಡ್ಡಿದ. ಅವಳು ಬೀಜ ಬಿಡಿಸಿದ ದೊಡ್ಡ ತೊಳೆಯನ್ನು ಅಂಗೈಗೆ ಹಾಕಿದಳು.

ಅದನ್ನು ಅವನು ಬಾಯಿಗಿಟ್ಟುಕೊಂಡ ಹೊತ್ತಿನಲ್ಲೇ ಮುನಿಶಾಮಯ್ಯ ಹಿಂದಿರುಗಿ ನೋಡಿ ಕಿರುಚಿದ. "ಬಿದ್ದೈತೆ! ಹೂವು ಬಿದ್ದೈತೆ!"

ಎಲ್ಲರೂ ಬಾಗಿಲಿಗೆ ಮುತ್ತಿದರು. ಅಮ್ಮನ ಎರಡು ಭುಜವೂ ಬರಿದಾಗಿದ್ದವು. ಎರಡು ಹೂವೂ ಪೀಠದ ಕೆಳಗೆ ಅಕ್ಕಪಕ್ಕ ಬಿದ್ದುಕೊಂಡಿದ್ದವು.

"ಯಾವ್ದು ಮೊದ್ಲು ಬಿತ್ತು? ಯಾರ್ ನೋಡುದ್ರಿ?"

ಕೋಡಿದೊಡ್ಡಿ ಪರಸ್ಪರ ಮುಖ ನೋಡಿಕೊಂಡಿತು. ಎಲ್ಲರ ಗಲ್ಲದ ಮೇಲೂ ಹಲಸಿನ ರಸ.

"ಕ್ಯಾಮೆರಾ ಆನ್ ಇತ್ತಲ್ಲ!" ಎಂದು ಅಶ್ವಥ್ ಕುಣಿದ. "ಆಫ್ತಾಬ್, ಹಾಕು. ಈಗಲೇ ಗೊತ್ತಾಗುತ್ತೆ!"

ಆಫ್ತಾಬ್ ಕ್ಯಾಮೆರಾದ ಹತ್ತಿರ ಹೋದ. ಊರೆಲ್ಲ ಅವನ ಹಿಂದೆ. ಜಗಲಿಯಿಂದ ಏಳದೆ ಉಳಿದವರು ಸರಸಮ್ಮ, ಮರಿಯಪ್ಪ ಇಬ್ಬರೇ. ಅವಳು ಎಣ್ಣೆಗೈಗಳನ್ನು ಮಡಿಲಲ್ಲಿಟ್ಟುಕೊಂಡು, ಗುಡಿಯನ್ನೂ ನೋಡದೆ ಕ್ಯಾಮೆರಾವನ್ನೂ ನೋಡದೆ, ಮುಂದೆ ಕುಕ್ಕರುಗಾಲಿನಲ್ಲಿ ಕೂತ ಗಂಡನನ್ನು ನೋಡುತ್ತಿದ್ದಳು. ಮರಿಯಪ್ಪ ಬಾಯಲ್ಲಿದ್ದದ್ದನ್ನು ನುಂಗಿದ. ಎದ್ದು ನಿಂತ. ಅಂಟು ಮೆತ್ತಿದ ಕೈಗಳನ್ನು ಹೊಸ ಪಂಚೆಗೆ ಚೆನ್ನಾಗಿ ಒರೆಸಿದ. ಆಮೇಲೆ ತಂದೆಯಿಂದ ಬಂದ ಕಂಚಿನ ಕಂಠವನ್ನು ಎತ್ತಿದ.

"ಬ್ಯಾಡ ನಿಲ್ಸಪ್ಪ! ಯಾವ ಮಿಷನ್ನೂ ಬ್ಯಾಡ. ನಾನು ನೋಡಿವ್ನಿ. ಎಡಗಡೇದೇ ಮೊದ್ಲು ಬಿದ್ದುದ್ದು. ಬಲಗಡೇದು ಆಮ್ಯಾಕೆ."

"ಅಲ್ಲಾ ಮರಿಯಪ್ಪಣ್ಣ, ನೀನು..." ಎಂದು ದೇವರಾಜ ಬಾಯಿ ತೆರೆದ. ಚಿಕ್ಕಲಕ್ಷ್ಮಮ್ಮ ಆ ಬಾಯಿಗೆ ಒಂದು ತೊಳೆ ಇಟ್ಟಳು.

"ಮರ ಕಡೀಬೇಕು ಅಂದೋನೇ ನೋಡಿವ್ನಿ ಅಂದ್ಮೇಲೆ ಮುಗೀತು," ಎಂದು ಮುನಿಶಾಮಯ್ಯ ಮಂಗಳಾರತಿಗೆ ಗಂಟೆ ಹಿಡಿದ. ಬಗ್ಗಿ ಹೂವೆತ್ತಿಕೊಂಡು, ನೋವಿಲ್ಲದೆ ಎದ್ದು, ತಾನೇ ಆಶ್ಚರ್ಯಪಟ್ಟ.

ವಾಸಿಂ ಗರಗಸ ಹೆಗಲಿಗೇರಿಸಿ ಹೊರಟ. ಕೇಂದ್ರ ಕನಕಪುರದ ಕಡೆ ಹೊರಟಿತು. ಪೆಟ್ಟಿಗೆ ತುಂಬುತ್ತಿದ್ದ ಆಫ್ತಾಬನ ಹತ್ತಿರ ಮರಿಯಪ್ಪ ಹೋಗಿ ನಿಂತ. ಆಫ್ತಾಬ್ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೋ ನೋಡಿ ಮೀಸೆಯಲ್ಲೇ ನಗುತ್ತಿದ್ದ. ಮರಿಯಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅವತ್ತು ಎಡಗಡೇದ ಕತ್ತರಿಸಿದ್ದೆಯಲ್ಲಪ್ಪ. ಇವತ್ತು ಬಲಗಡೇದೇನಾದ್ರೂ ಸಿಕ್ರೆ, ಅದನ್ನೂ ಒಸಿ ಕತ್ತರಿಸ್ಬುಡು."

"ಆಗ್ಲೇ ಆಯ್ತಣ್ಣ," ಎಂದ ಆಫ್ತಾಬ್. ಸರಸಮ್ಮ ಕಟ್ಟಿಕೊಟ್ಟಿದ್ದ ಅರ್ಧ ಹಣ್ಣು ಅವನ ಪೆಟ್ಟಿಗೆಯಲ್ಲಿ ಕನ್ನಡಕದ ಪಕ್ಕ ಕೂತಿತ್ತು.

ಗಂಡ ಹೆಂಡತಿ ಮನೆಯ ಕಡೆ ನಡೆದರು. ಮರದ ನೆರಳು ಕಾಲಿಗೆ ತಗಲಿದಾಗ ಸರಸಮ್ಮ ನಿಂತಳು.

"ಅಲ್ಲಾ, ನೀವು ಗುಡೀಗೆ ಬೆನ್ನು ಹಾಕ್ಕೊಂಡು ನನ್ ಮುಂದೆ ಕೂತಿದ್ರಲ್ಲ. ಎಡಗಡೇದು ಮೊದ್ಲು ಬಿದ್ದುದ್ದು ನಿಮ್ಗೆ ಹೆಂಗೆ ಕಾಣಿಸ್ತು?"

ಮರಿಯಪ್ಪ ಹಲ್ಲಿನ ಸಂದಿಯಿಂದ ಹಲಸಿನ ನಾರನ್ನು ಬಿಡಿಸಿಕೊಂಡ. ಮರದ ಬುಡವನ್ನು ಒಮ್ಮೆ ತಟ್ಟಿದ.

"ಮುನ್ನೂರರವತ್ತು ಡಿಗ್ರಿ ಕಣಮ್ಮಿ," ಎಂದ.